‘ಸ್ಕ್ಯಾನ್ ನಾರ್ಮಲ್’ ಅಂದರೆ ಆಡಲು ಪರವಾನಗಿಯಲ್ಲ

ಮಾನ್ಯ ಸಂಪಾದಕರೇ,

ಬಾಕ್ಸಿಂಗ್ ರಿಂಗಿನಲ್ಲೋ ಕಬಡ್ಡಿ ಅಂಕಣದಲ್ಲೋ ತಲೆಗೆ ಏಟು ಬಿದ್ದ ಹುಡುಗನಿಗೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ‘ನಾರ್ಮಲ್’ ಎಂದು ರಿಪೋರ್ಟ್ ಬಂದರೆ ಮನೆಯವರಿಗೂ ಕೋಚ್‌ಗೂ ನಿರಾಳ. ಮರುದಿನವೇ ಹುಡುಗ ಮತ್ತೆ ಅಂಕಣದಲ್ಲಿ. ಆ ರಿಪೋರ್ಟ್ ಹೇಳುವುದು ಇಷ್ಟೇ: ಒಳಗೆ ರಕ್ತ ಸೋರಿಲ್ಲ, ಬುರುಡೆ ಬಿರಿದಿಲ್ಲ. ಕನ್ಕಷನ್, ಅಂದರೆ ಏಟಿಗೆ ಮಿದುಳು ಅಲುಗಿ ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು, ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ.

ಮಿದುಳು ಸುಮಾರು 1,400 ಗ್ರಾಂ ತೂಗುವ, ಎಳನೀರಿನ ಗಂಜಿಯಂಥ ಮೆದು ವಸ್ತು. ದವಡೆಗೆ ಪಕ್ಕದಿಂದ ಗುದ್ದು ಬಿದ್ದರೆ ತಲೆ ಗಿರ್ರನೆ ತಿರುಗಿ ತಟ್ಟನೆ ನಿಲ್ಲುತ್ತದೆ, ಒಳಗಿನದು ತಿರುಚಿಕೊಳ್ಳುತ್ತದೆ. ಆಗ ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ. ಆ ಎಳೆಯೊಳಗಿನ ಸೂಕ್ಷ್ಮ ಕೊಳವೆಗಳು ಕಳಚದಂತೆ ಹಿಡಿದಿಡುವುದು ಟೌ ಎಂಬ ಪ್ರೋಟೀನ್. ವರ್ಷಗಟ್ಟಲೆ ಏಟಿನ ಮೇಲೆ ಏಟು ಬಿದ್ದರೆ ಅದೇ ಟೌ ರೂಪ ಕೆಟ್ಟು ಗಂಟುಗಟ್ಟುತ್ತದೆ. ಬಣ್ಣ ಹಾಕಿದ ಮಿದುಳಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ಮಡಿಕೆಗಳ ತಳದಲ್ಲಿ, ಪುಟ್ಟ ರಕ್ತನಾಳಗಳ ಸುತ್ತ ಕಂದು ಕಲೆಗಳಾಗಿ ಕಾಣುತ್ತದೆ. ತಿರುಚಿದಾಗ ಹೆಚ್ಚು ಜಗ್ಗುವ ಜಾಗವೂ ಅದೇ. ಈ ಕಾಯಿಲೆಗೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿಟಿಇ, ಎನ್ನುತ್ತಾರೆ. ಮರೆವು, ಸಿಡುಕು, ಖಿನ್ನತೆ, ಕೊನೆಗೆ ಬುದ್ಧಿಶಕ್ತಿಯೇ ಕುಂದುವ ಡಿಮೆನ್ಷಿಯಾ. ಆಟ ಬಿಟ್ಟು ಎಷ್ಟೋ ವರ್ಷಗಳ ನಂತರ ಶುರುವಾಗುವುದರಿಂದ ಹಳೆಯ ಏಟನ್ನು ಯಾರೂ ನೆನೆಯುವುದಿಲ್ಲ.

ಬಾಕ್ಸರ್‌ಗಳಲ್ಲಿ ಇದನ್ನು ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಬಾಸ್ಟನ್‌ನಲ್ಲಿ ದಾನವಾಗಿ ಬಂದ 202 ಅಮೆರಿಕನ್ ಫುಟ್‌ಬಾಲ್ ಆಟಗಾರರ ಮಿದುಳುಗಳ ಪೈಕಿ 177ರಲ್ಲಿ ಸಿಟಿಇ ಇತ್ತೆಂದು 2017ರಲ್ಲಿ ಪ್ರಕಟವಾಯಿತು. ತೊಂದರೆ ಕಂಡ ಮನೆಯವರೇ ಹೆಚ್ಚಾಗಿ ದಾನ ಮಾಡುವುದರಿಂದ ಈ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಅನ್ವಯಿಸುವುದು ತಪ್ಪು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಗ್ಲಾಸ್ಗೋ ಅಧ್ಯಯನ. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಫುಟ್‌ಬಾಲಿಗರಲ್ಲಿ ನರಕ್ಷಯದ ಕಾಯಿಲೆಗಳಿಂದಾದ ಸಾವು ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ನಂತರ ಆಡುವ ಸ್ಥಾನವಾರು ನೋಡಿದಾಗ ಡಿಫೆಂಡರ್‌ಗಳಿಗೆ ಅಪಾಯ ಅತಿ ಹೆಚ್ಚು. ಗೋಲ್‌ಕೀಪರ್‌ಗಳದು ಬಹುಮಟ್ಟಿಗೆ ಸಾಮಾನ್ಯ ಜನರಷ್ಟೇ. ಚೆಂಡನ್ನು ತಲೆಯಿಂದ ಹೊಡೆಯುವವರು ಯಾರು, ಕೈಯಲ್ಲಿ ಹಿಡಿಯುವವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಕನ್ಕಷನ್ ಆದ ಮಗುವಿನ ತಂದೆತಾಯಿ ಇದನ್ನೋದಿ ಗಾಬರಿಯಾಗಬೇಕಿಲ್ಲ. ಲೆಕ್ಕಕ್ಕೆ ಬರುವುದು ವರ್ಷಗಳ ಮೊತ್ತ. ಅದರಲ್ಲಿ ಬವಳಿ ಬಾರದ, ಯಾರೂ ಗಮನಿಸದ ಸಣ್ಣ ಏಟುಗಳೂ ಸೇರಿವೆ. ‘ಹೆಡ್‌ಗಾರ್ಡ್ ಇದೆಯಲ್ಲ’ ಎಂಬ ಧೈರ್ಯವೂ ಬೇಡ. ಅದು ಹುಬ್ಬಿಗೆ ಹೊಲಿಗೆ ಬೀಳುವುದನ್ನು ತಪ್ಪಿಸೀತು, ತಲೆ ಗಿರ್ರನೆ ತಿರುಗಿ ಒಳಗಿನ ಮಿದುಳು ತಿರುಚಿಕೊಳ್ಳುವುದನ್ನಲ್ಲ.

ಏಟು ಬಿದ್ದ ಮೇಲೆ ಮಂಕಾದರೆ, ತೂರಾಡಿದರೆ, ಸ್ಕೋರ್ ಎಷ್ಟೆಂದು ಮರೆತರೆ ಆ ದಿನ ಆಟ ಮುಗಿಯಿತು. ತಲೆನೋವು ಏರುತ್ತಿದ್ದರೆ, ಮತ್ತೆಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆ. ಇಲ್ಲದಿದ್ದರೆ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಕಡಿಮೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಬೇಡ. ನಂತರ ನಡಿಗೆ, ಮೆಲ್ಲನೆ ಓಟ, ಒಬ್ಬನೇ ಅಭ್ಯಾಸ, ಮೈ ತಾಗದ ಅಭ್ಯಾಸ, ಪೂರ್ಣ ಅಭ್ಯಾಸ, ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ತಲೆನೋವು ಜೋರಾದರೆ ಅಂದಿಗೆ ನಿಲ್ಲಿಸಬೇಕು. ಮೈ ತಾಗದ ಅಭ್ಯಾಸಕ್ಕೆ ಇಳಿಯುವ ಮುನ್ನವೇ ಲಕ್ಷಣಗಳೆಲ್ಲ ಹೋಗಿರಬೇಕು, ಮೈ ತಾಗುವ ಹಂತಕ್ಕೆ ವೈದ್ಯರ ಒಪ್ಪಿಗೆಯೂ ಬೇಕು. ಬ್ರಿಟನ್ನಿನ ಹವ್ಯಾಸಿ ಕ್ರೀಡೆಯಲ್ಲಿ 21ನೇ ದಿನಕ್ಕೆ ಮುಂಚೆ ಪಂದ್ಯಕ್ಕೆ ಇಳಿಸುವಂತಿಲ್ಲ. ನಮ್ಮ ಶಾಲಾ ಕ್ರೀಡಾಕೂಟಗಳಿಗೂ ಇದೇ ಅಳತೆ ಇರಲಿ. ದೈಹಿಕ ಶಿಕ್ಷಕರ ಬಳಿ ಏಟಿನ ದಿನಾಂಕ ಬರೆದಿಡುವ ಒಂದು ನೋಟ್‌ಬುಕ್ ಇರಲಿ. ಹನ್ನೆರಡು ತುಂಬದ ಮಕ್ಕಳಿಗೆ ಫುಟ್‌ಬಾಲ್ ಅಭ್ಯಾಸದಲ್ಲಿ ಹೆಡಿಂಗ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಬೇಡ. ಸ್ಕಾಟ್ಲೆಂಡ್ 2020ರಲ್ಲೇ ನಿಲ್ಲಿಸಿದೆ.

ಸಿಟಿಇ ಖಚಿತವಾಗುವುದು ಇಂದಿಗೂ ಸತ್ತ ಮೇಲೆ, ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಮಿದುಳು ಬ್ಯಾಂಕ್ 1995ರಿಂದ ಇದೆ. ನಿವೃತ್ತ ಬಾಕ್ಸರ್‌ಗಳೂ ಕುಸ್ತಿಪಟುಗಳೂ ದಾನದ ಇಚ್ಛೆಯನ್ನು ಮನೆಯವರಿಗೆ ಈಗಲೇ ತಿಳಿಸಿಟ್ಟರೆ ಒಳ್ಳೆಯದು, ಏಕೆಂದರೆ ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ, ಸಿಗುವ ಸಮಯವೂ ಕೆಲವೇ ಗಂಟೆ.

– ಒಬ್ಬ ಕ್ರೀಡಾ ವೈದ್ಯ, ಬೆಂಗಳೂರು