ರೈಲಿನಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ ಅಂತ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ 71 ವರ್ಷ, ಹದಿನೈದು ವರ್ಷದಿಂದ ಶುಗರ್ ಇದೆ. ಹೋಗುವಾಗ ಮನೆಯಿಂದಲೇ ಬುತ್ತಿ ಕಟ್ಟಿಕೊಂಡಿದ್ದೆವು. ಚಪಾತಿ, ಶೇಂಗಾ ಚಟ್ನಿಪುಡಿ, ಮೊದಲ ರಾತ್ರಿಗೆ ಮೊಸರನ್ನ. ಏನೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ವಾಪಸ್ ಬರುವಾಗ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು, ಕಾಶಿಯಲ್ಲಿ ನಮಗೆ ಬುತ್ತಿ ಕಟ್ಟಿಕೊಡುವವರು ಯಾರಿದ್ದಾರೆ? ರೈಲಿನಲ್ಲಿ ಪ್ಯಾಂಟ್ರಿ (ಅಡುಗೆ ಬೋಗಿ) ಇದೆ, ಊಟ ಸಿಗುತ್ತದೆ ಎಂದು ಧೈರ್ಯವಾಗಿ ಹತ್ತಿದೆವು. ರೈಲಿನ ಹೆಸರು ಬರೆಯುತ್ತಿಲ್ಲ. ದೂರದ ರೈಲುಗಳಲ್ಲಿ ವಯಸ್ಸಾದವರನ್ನು ಕರೆದುಕೊಂಡು ಓಡಾಡುವ ಯಾರಿಗೆ ಬೇಕಾದರೂ ಹೀಗೆ ಆಗಬಹುದು, ಅದಕ್ಕೇ ಈ ಪತ್ರ.

ಎರಡನೇ ದಿನ ಸಂಜೆ ಐದೂವರೆಗೆ ಊಟದ ಆರ್ಡರ್ ತೆಗೆದುಕೊಳ್ಳುವ ಹುಡುಗ ಬಂದ. ಸೀಟ್ ನಂಬರ್ ಬರೆದುಕೊಂಡ. ಎಷ್ಟು ಗಂಟೆಗೆ ಬರುತ್ತೆ ಅಂತ ಕೇಳಿದೆ. ಎಂಟಕ್ಕೆ ಎಂದು ಹಿಂದಿಯಲ್ಲಿ ಹೇಳಿ ಮುಂದಕ್ಕೆ ಹೋದ. ಅಮ್ಮನದು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವ ಶುಗರ್ ಮಾತ್ರೆ, ನುಂಗಿದ ಮೇಲೆ ಊಟ ತಡವಾಗಬಾರದು. ಏಳೂವರೆಗೆ ನುಂಗಿದರು. ಎಂಟಾಯಿತು, ಎಂಟೂವರೆ ಆಯಿತು, ಊಟದ ಸುಳಿವಿಲ್ಲ. ರೈಲು ಎರಡು ಗಂಟೆ ತಡವಾಗಿ ಓಡುತ್ತಿತ್ತು, ಅದು ನನಗೆ ಗೊತ್ತಿತ್ತು. ಆದರೆ ರೈಲು ತಡವಾದರೆ ಊಟವೂ ತಡವಾಗುತ್ತದೆ ಎಂದು ಹೊಳೆಯಲಿಲ್ಲ. ಅಡುಗೆ ರೈಲಿನಲ್ಲೇ ಆಗುತ್ತಿದೆ ಎಂದುಕೊಂಡಿದ್ದೆ.

ಒಂಬತ್ತರ ಹತ್ತಿರ ಅಮ್ಮ ಸುಮ್ಮನಾದರು. ಮಾತಾಡಿಸಿದರೆ ತಡವಾಗಿ ಉತ್ತರ ಕೊಡುತ್ತಿದ್ದರು. ಕೈ ಹಿಡಿದು ನೋಡಿದರೆ ತಣ್ಣಗೆ, ಬೆವರು, ಬೆರಳುಗಳು ನಡುಗುತ್ತಿದ್ದವು. ಎದುರಿನ ಸೀಟಿನಲ್ಲಿದ್ದ ಹೆಂಗಸು ಬಳ್ಳಾರಿ ಕಡೆಯವರು, ನೋಡಿದ ತಕ್ಷಣ 'ಶುಗರ್ ಇಳಿದೈತ್ರೀ' ಎಂದವರೇ ಸಂಜೆ ಚಹಾದ ಜೊತೆ ಬಂದಿದ್ದ ಸಕ್ಕರೆ ಪೊಟ್ಟಣಗಳನ್ನು ತಮ್ಮ ಪರ್ಸಿನಿಂದ ತೆಗೆದರು. ಮೂರು ಸಣ್ಣ ಪೊಟ್ಟಣ. ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ಕಲಸಿ ಅಮ್ಮನಿಗೆ ಕುಡಿಸಿದರು, ಆಮೇಲೆ ಒಂದು ಬಾಳೆಹಣ್ಣು. ಹದಿನೈದು ಇಪ್ಪತ್ತು ನಿಮಿಷಕ್ಕೆ ಅಮ್ಮ ಸರಿಯಾದರು. ಆ ತಾಯಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹೌದು, ನನ್ನ ಚೀಲದಲ್ಲೇ ಸಕ್ಕರೆ ಇರಬೇಕಿತ್ತು. ಆ ತಪ್ಪು ನನ್ನದೇ, ಒಪ್ಪುತ್ತೇನೆ.

ಊಟ ಬಂದಿದ್ದು 9.50ಕ್ಕೆ. ಹತ್ತು ಗಂಟೆಗೆ ಮಿಡಲ್ ಬರ್ತ್ ಎತ್ತಿ ಕಟ್ಟಬಹುದು ಎಂಬುದು ನಿಯಮ, ಮಿಡಲ್ ಬರ್ತಿನವರು ಪಾಪ ಮಲಗಬೇಕು, ಅವರನ್ನು ಕಾಯಿಸುವುದು ಹೇಗೆ? ಎತ್ತಿ ಕಟ್ಟಿದರು. ಅಮ್ಮ ಆ ಬರ್ತಿನ ಕೆಳಗೆ ಕತ್ತು ಬಗ್ಗಿಸಿಕೊಂಡು, ಮಂಡಿಯ ಮೇಲೆ ಡಬ್ಬಿ ಇಟ್ಟುಕೊಂಡು, ಅರ್ಧ ಲೈಟ್ ಆರಿಸಿದ ಬೋಗಿಯಲ್ಲಿ ತಣ್ಣಗಿನ ಅನ್ನ ತಿಂದರು. ಸೊಂಟ ನೋವಿನವರು ಹಾಗೆ ಕೂತು ಊಟ ಮಾಡುವುದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಊಟ ತಂದ ಹುಡುಗನ ಮೇಲೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಅವನ ಜೊತೆ ಮಾತಾಡಿದಾಗ ವಿಷಯ ಅರ್ಥವಾಯಿತು. ಅಡುಗೆ ಆಗುವುದು ಮುಂದೆ ಬರುವ ಒಂದು ದೊಡ್ಡ ಸ್ಟೇಷನ್ನಿನ ಕಡೆ, ಅಲ್ಲಿ ಡಬ್ಬಿಗಳನ್ನು ಹತ್ತಿಸಿಕೊಂಡ ಮೇಲೆ ಹಂಚುವುದು ಅವರ ಕೆಲಸ. ರೈಲ್ವೆಯ 2017ರ ಕೇಟರಿಂಗ್ ನೀತಿಯಲ್ಲಿ ಅಡುಗೆ ಮಾಡುವುದನ್ನೂ ಹಂಚುವುದನ್ನೂ ಬೇರೆ ಬೇರೆ ಮಾಡಿದ್ದಾರೆ, ಬೇಸ್ ಕಿಚನ್ ಎಂಬ ರೈಲಿನ ಹೊರಗಿನ ದೊಡ್ಡ ಅಡುಗೆಮನೆಯಲ್ಲಿ ಅಡುಗೆ ಶುಚಿಯಾಗಿ ಆಗಲಿ ಅನ್ನುವ ಉದ್ದೇಶ. ಅದು ಒಳ್ಳೆಯದೇ. ಆದರೆ ರೈಲು ಎರಡು ಗಂಟೆ ತಡ ಅಂದರೆ ಆ ಸ್ಟೇಷನ್ ಬರುವುದೂ ಎರಡು ಗಂಟೆ ತಡ, ಇದು ಸಂಜೆ ಐದೂವರೆಗೆ ಆರ್ಡರ್ ಬರೆದುಕೊಳ್ಳುವಾಗಲೇ ಅವರಿಗೆ ಗೊತ್ತಿರುತ್ತದೆ ಅಲ್ವಾ? ಆಗಲೇ 'ಇವತ್ತು ಹತ್ತು ಗಂಟೆ ಆಗುತ್ತೆ' ಎಂದಿದ್ದರೆ ಅಮ್ಮ ಮಾತ್ರೆ ನುಂಗುತ್ತಿರಲಿಲ್ಲ. ನಡುವೆ ಸಿಕ್ಕ ಸ್ಟೇಷನ್ನಿನಲ್ಲಿ ಇಳಿದು ನಾನೇ ಏನಾದರೂ ತರುತ್ತಿದ್ದೆ.

ನನ್ನ ಮುಖ್ಯ ಬೇಡಿಕೆ ಇದೊಂದೇ. ಆರ್ಡರ್ ತೆಗೆದುಕೊಳ್ಳುವಾಗ ಊಟ ಯಾವ ಸ್ಟೇಷನ್ ಆದ ಮೇಲೆ, ಎಷ್ಟು ಗಂಟೆಗೆ ಬರುತ್ತದೆ ಎಂದು ನಿಜ ಹೇಳಿ. ತಡವಾದರೆ ಇನ್ನೊಂದು ಸಲ ಬಂದು ಹೇಳಿ. ಇದಕ್ಕೆ ಹೊಸ ಬೋಗಿ ಬೇಡ, ಹೊಸ ಯಂತ್ರ ಬೇಡ, ಒಂದು ಪೈಸೆ ಖರ್ಚಿಲ್ಲ. ಬರೆದುಕೊಳ್ಳುವಾಗಲೇ 'ಶುಗರ್ ಇರುವವರು, ಸಣ್ಣ ಮಕ್ಕಳು ಇದ್ದಾರಾ?' ಎಂದು ಕೇಳಿ ಆ ಸೀಟುಗಳಿಗೆ ಮೊದಲು ಕೊಟ್ಟರೆ ಇನ್ನೂ ಒಳ್ಳೆಯದು. ಇಪ್ಪತ್ತಕ್ಕೂ ಜಾಸ್ತಿ ಬೋಗಿಗಳ ರೈಲಿನಲ್ಲಿ ಒಂದು ತುದಿಯಿಂದ ಹಂಚುತ್ತಾ ಬಂದರೆ ಕೊನೆಯ ಬೋಗಿಗೆ ಮುಟ್ಟುವುದು ಯಾವಾಗ?

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹುಡುಗ ಒಂದು ಊಟಕ್ಕೆ 120 ರೂಪಾಯಿ ಕೇಳಿದ. ಮೇಲ್, ಎಕ್ಸ್‌ಪ್ರೆಸ್ ರೈಲುಗಳಲ್ಲಿ ಸಸ್ಯಾಹಾರಿ ಊಟಕ್ಕೆ ನಿಗದಿಯಾಗಿರುವುದು 80 ರೂಪಾಯಿ. ಅದರಲ್ಲಿ 150 ಗ್ರಾಂ ಅನ್ನ, 150 ಗ್ರಾಂ ದಾಲ್ ಅಥವಾ ಸಾಂಬಾರ್, 100 ಗ್ರಾಂ ಪಲ್ಯ, 80 ಗ್ರಾಂ ಮೊಸರು, ಎರಡು ಪರಾಠ ಇಲ್ಲವೇ ನಾಲ್ಕು ರೊಟ್ಟಿ, ಉಪ್ಪಿನಕಾಯಿ ಇರಬೇಕು. ನಮ್ಮ ಡಬ್ಬಿಯಲ್ಲಿ ಮೊಸರೇ ಇರಲಿಲ್ಲ. ಬಿಲ್ ಕೊಡಪ್ಪ ಎಂದೆ. ಸ್ವಲ್ಪ ಹೊತ್ತು ನಿಂತ, ಆಮೇಲೆ 80 ಕೊಡಿ ಸಾಕು ಎಂದ. ಪಕ್ಕದ ಕೂಪೆಯವರೆಲ್ಲ ಆಗಲೇ 120 ಕೊಟ್ಟಾಗಿತ್ತು. ಬಿಲ್ ಕೊಡದಿದ್ದರೆ ದುಡ್ಡು ಕೊಡಬೇಕಾಗಿಲ್ಲ ಎಂದು ರೈಲ್ವೆಯೇ ಹೇಳಿದೆ, ಆದರೆ ಅದು ಎಷ್ಟು ಜನಕ್ಕೆ ಗೊತ್ತು? ನೀರಿನದೂ ಅದೇ ಕಥೆ. ರೈಲ್ವೆಯದೇ ಬಾಟಲಿ ನೀರು 'ರೈಲ್ ನೀರ್' ಒಂದು ಲೀಟರಿಗೆ 15 ರೂಪಾಯಿ ಇದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ 14 ಆಯಿತು. ನಾವು ಮಾತ್ರ ಇಪ್ಪತ್ತು ಕೊಟ್ಟು ಸುಮ್ಮನಾಗುತ್ತೇವೆ, ಒಂದು ಬಾಟಲಿಗೆ ಯಾಕೆ ಜಗಳ ಎಂದು.

ವೇಟರ್‌ಗಳ ಹತ್ತಿರ ಮೆನು ಕಾರ್ಡ್ ಇರುತ್ತದೆ, ಪ್ಯಾಂಟ್ರಿ ಬೋಗಿಯಲ್ಲಿ ದರಪಟ್ಟಿ ಹಾಕಿರುತ್ತಾರೆ ಎನ್ನುತ್ತಾರೆ. ನಮ್ಮ ಹತ್ತಿರ ಬಂದ ಹುಡುಗನ ಕೈಯಲ್ಲಿ ಕಾರ್ಡ್ ಇರಲಿಲ್ಲ. ಪ್ಯಾಂಟ್ರಿ ಬೋಗಿಗೆ ಹೋಗಿ ಗೋಡೆ ಓದಿ ಬರಲು ಅಮ್ಮನಂಥವರಿಂದ ಆಗುತ್ತದೆಯೇ? ಕರ್ನಾಟಕಕ್ಕೆ ಬಂದುಹೋಗುವ ರೈಲುಗಳ ಪ್ರತಿ ಬೋಗಿಯ ಬಾಗಿಲ ಹತ್ತಿರ, ವಾಶ್ ಬೇಸಿನ್ ಮೇಲೆ, ಕನ್ನಡದಲ್ಲೂ ಒಂದು ದರಪಟ್ಟಿ ಅಂಟಿಸಲಿ. ಕೈ ತೊಳೆಯಲು ಹೋದವರು ಓದಿಕೊಳ್ಳುತ್ತಾರೆ. ದೂರಿಗೆ 139ಕ್ಕೆ ಫೋನ್ ಮಾಡಬಹುದು ಎಂಬುದನ್ನೂ ಅದರಲ್ಲೇ ದೊಡ್ಡದಾಗಿ ಬರೆಯಲಿ.

ಇನ್ನೊಂದು ವಿಷಯ. 2022ರ ನವೆಂಬರ್‌ನಲ್ಲಿ ರೈಲ್ವೆ ಮಂಡಳಿಯು ರೈಲಿನ ಊಟ ನೋಡಿಕೊಳ್ಳುವ ಐಆರ್‌ಸಿಟಿಸಿ ಸಂಸ್ಥೆಗೆ ಮೆನು ಬದಲಿಸಿಕೊಳ್ಳುವ ಅವಕಾಶ ಕೊಟ್ಟಿತು. ಆಯಾ ಕಡೆಯ ಊಟ, ಶುಗರ್ ಇರುವವರಿಗೆ ಬೇಕಾದ ಊಟ, ಮಕ್ಕಳ ಆಹಾರ, ಸಿರಿಧಾನ್ಯದ ತಿನಿಸು, ಎಲ್ಲವನ್ನೂ ಸೇರಿಸಬಹುದು ಎಂದು. ಓದಿದಾಗ ತುಂಬಾ ಖುಷಿಯಾಗಿತ್ತು. ನಮ್ಮ ಎರಡು ರಾತ್ರಿಯ ಪ್ರಯಾಣದಲ್ಲಿ ಅಂಥದ್ದು ಒಂದೂ ಕಣ್ಣಿಗೆ ಬೀಳಲಿಲ್ಲ. ಒಣಗಿಸಿದ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ, ಜೊತೆಗೆ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ, ಒಂದು ಕಪ್ ಮೊಸರು. ಬಿಸಿ ಮಾಡುವ ಗೊಡವೆಯೂ ಇಲ್ಲ. ರೈಲು ಎಷ್ಟೇ ತಡವಾದರೂ ಇಷ್ಟು ಪ್ಯಾಂಟ್ರಿಯಲ್ಲಿ ಇಟ್ಟುಕೊಂಡಿದ್ದರೆ ಹಸಿದವರಿಗೆ ಆ ಕ್ಷಣಕ್ಕೆ ಕೊಡಬಹುದು.

ಟಿಕೆಟ್ಟಿನ ಮೇಲಿರುವ ಪಿಎನ್‌ಆರ್ ನಂಬರ್ ಹಾಕಿ ಮೊಬೈಲಿನಲ್ಲಿ ಹೊರಗಿನ ಹೋಟೆಲ್ ಊಟ ತರಿಸಿಕೊಳ್ಳಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ನಾನು ತರಿಸಿಯೇನು. ಒಬ್ಬರೇ ಹೋಗುವ ವಯಸ್ಸಾದವರು, ಕಾಡಿನ ನಡುವೆ ಸಿಗ್ನಲ್ ಇಲ್ಲದ ಕಡೆ ಏನು ಮಾಡಬೇಕು?

ಅಮ್ಮ ಈಗ ಆರಾಮಾಗಿದ್ದಾರೆ. ಬರುವ ತಿಂಗಳು ತಂಗಿಯ ಮನೆಗೆ ಪುಣೆಗೆ ಹೋಗಬೇಕು, ರಾತ್ರಿ ರೈಲಿಗೇ ಟಿಕೆಟ್ ಮಾಡಿಸು ಎಂದಿದ್ದಾರೆ. ಮಾಡಿಸಿದ್ದೇನೆ, ಲೋವರ್ ಬರ್ತ್ ಸಿಕ್ಕಿದೆ.

ಒಬ್ಬ ಪ್ರಯಾಣಿಕ, ದಾವಣಗೆರೆ