ಸಿಗಡಿ ಸಿಪ್ಪೆಯನ್ನು ಹೊಳೆಬಾಯಿಗೆ ಸುರಿದದ್ದು ಸಾಕು

ಸಂಪಾದಕರೇ,

ನಮ್ಮ ಕರಾವಳಿಯಲ್ಲಿ ಸಿಗಡಿ ಸುಲಿಯುವ ಶೆಡ್‌ಗಳ ಹಿಂದೆ ಬೀಳುವ ರಾಶಿ ಸುದ್ದಿಯಾಗುವುದು ವಾಸನೆ ತಡೆಯಲಾಗದೆ ಊರವರು ಗಲಾಟೆ ಮಾಡಿದಾಗ ಮಾತ್ರ. ಆಗ ಯಾರೋ ಬಂದು ಬ್ಲೀಚಿಂಗ್ ಪುಡಿ ಎರಚುತ್ತಾರೆ, ಮಾರನೇ ವಾರ ಮತ್ತೆ ಅದೇ ಕತೆ. ಆ ರಾಶಿಯಿಂದ ನೀರು ಶುದ್ಧ ಮಾಡುವ ವಸ್ತು ತೆಗೆಯಬಹುದು ಅನ್ನುವುದು ಹೊಸ ವಿಷಯವೇ ಅಲ್ಲ. ಆದರೂ ನಮ್ಮಲ್ಲಿ ಯಾಕೆ ಆಗುತ್ತಿಲ್ಲ ಅಂತ ಕೇಳಲು ಈ ಪತ್ರ.

ಒಂದು ಕಿಲೋ ಸಿಗಡಿ ಸುಲಿದರೆ ತಲೆ, ಸಿಪ್ಪೆ ಸೇರಿ ಹೆಚ್ಚುಕಮ್ಮಿ ಅರ್ಧ ಕಿಲೋ ಹೊರಗೆ ಹೋಗುತ್ತದೆ. ಆ ಸಿಪ್ಪೆಯಲ್ಲಿ ಮುಖ್ಯವಾಗಿ ಇರುವುದು ಪ್ರೋಟೀನ್, ಸುಣ್ಣದ ಅಂಶ ಮತ್ತು ಕೈಟಿನ್ ಎಂಬ ನಾರಿನಂಥ ವಸ್ತು. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣ ಹೋಗುತ್ತದೆ, ತೆಳು ಕಾಸ್ಟಿಕ್ ಸೋಡಾದಲ್ಲಿ ಪ್ರೋಟೀನ್ ಹೋಗುತ್ತದೆ. ಉಳಿದ ಕೈಟಿನ್ ಅನ್ನು ಗಟ್ಟಿ ಕಾಸ್ಟಿಕ್‌ನಲ್ಲಿ ಕಾಯಿಸಿದರೆ ಕೈಟೋಸಾನ್ ಸಿಗುತ್ತದೆ, ನೀರು ಶುದ್ಧ ಮಾಡುವ ವಸ್ತು ಇದೇ. ನೋಡಲು ಬಿಳಿಚಿದ ಚೂರುಗಳು, ಅವಲಕ್ಕಿಯ ಹಾಗೆ. ಬರೀ ನೀರಿನಲ್ಲಿ ಕರಗುವುದಿಲ್ಲ, ವಿನೆಗರ್ ಹಾಕಿದ ನೀರಿನಲ್ಲಿ ಕರಗಿ ಮಂದವಾಗುತ್ತದೆ.

ಮಳೆಗಾಲದ ಕೆಂಪು ನೀರನ್ನು ಗಾಜಿನ ಲೋಟದಲ್ಲಿ ಇಟ್ಟು ನೋಡಿ, ಮರುದಿನವೂ ಕಲಕಲೇ ಇರುತ್ತದೆ. ಮಣ್ಣಿನ ಸಣ್ಣ ಕಣಗಳಿಗೆಲ್ಲ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಲೇ ಇರುತ್ತವೆ. ಕರಗಿದ ಕೈಟೋಸಾನ್‌ಗೆ ಧನ ವಿದ್ಯುದಂಶ. ಸರಿಯಾದ ಪ್ರಮಾಣದಲ್ಲಿ ಹಾಕಿ ನಿಧಾನವಾಗಿ ತಿರುಗಿಸಿದರೆ ಕಣಗಳು ಅದಕ್ಕೆ ಅಂಟಿಕೊಂಡು ಹತ್ತಿಯ ಎಳೆಯಂಥ ಗಂಟುಗಳಾಗಿ ತಳಕ್ಕೆ ಇಳಿಯುತ್ತವೆ, ಮೇಲಿನ ನೀರು ತಿಳಿಯಾಗುತ್ತದೆ. ನೀರು ಶುದ್ಧೀಕರಣ ಘಟಕಗಳಲ್ಲಿ ಈಗ ಆಲಮ್ (ಪಟಿಕ) ಮಾಡುವ ಕೆಲಸವೂ ಇದೇ, ಆದರೆ ಅದರ ಕೆಸರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತದೆ, ಕೈಟೋಸಾನ್ ಮಣ್ಣಿನಲ್ಲಿ ಕೊಳೆಯುತ್ತದೆ. ಬಟ್ಟೆಯ ಬಣ್ಣ, ತಾಮ್ರ, ಸೀಸದಂಥ ಲೋಹಗಳನ್ನೂ ಇದು ಹಿಡಿದುಕೊಳ್ಳುತ್ತದೆ. ಹಾಗಂತ ಕ್ಲೋರಿನ್ ಬೇಡ ಅಂತಲ್ಲ. ರೋಗಾಣು ಕೊಲ್ಲುವ ಕೆಲಸ ಕ್ಲೋರಿನ್‌ದೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಟ್ಟಡ ಕಾಮಗಾರಿಯ ಕೆಸರು ನೀರನ್ನು ಕೈಟೋಸಾನ್ ಸೇರಿಸಿ ಮರಳಿನಲ್ಲಿ ಸೋಸಿ ಹೊರಗೆ ಬಿಡುತ್ತಾರೆ. ಜಾಸ್ತಿಯಾದರೆ ಮೀನಿಗೆ ಹಾನಿ, ಅದಕ್ಕೇ ಹೊರಹೋಗುವ ನೀರಿನಲ್ಲಿ ಅದು ಉಳಿದಿದೆಯಾ ಅಂತ ಪರೀಕ್ಷೆಯನ್ನೂ ಮಾಡುತ್ತಾರೆ. ಅಷ್ಟು ದೂರ ಯಾಕೆ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಪ್ಪೆಯಿಂದ ಕೈಟೋಸಾನ್ ತೆಗೆಯುವ ವಿಧಾನವನ್ನು ಎಷ್ಟೋ ವರ್ಷಗಳ ಹಿಂದೆಯೇ ರೂಪಿಸಿದೆ. ಕೇರಳದ ಮೀನುಗಾರರ ಸಹಕಾರ ಒಕ್ಕೂಟ ಮತ್ಸ್ಯಫೆಡ್ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಘಟಕವನ್ನೇ ಹಾಕಿತು. ನಮ್ಮಲ್ಲಿ ಮಲ್ಪೆ, ಮಂಗಳೂರು, ಕಾರವಾರದಂಥ ಬಂದರುಗಳಿವೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜೂ ಇದೆ. ಮತ್ತೆ ಏನು ಕಡಿಮೆ ಆಗಿದೆ?

ನನಗೆ ಕಾಣುವ ಹಾಗೆ ಕಡಿಮೆಯಾಗಿರುವುದು ಸಿಪ್ಪೆ ಒಟ್ಟುಮಾಡುವ ವ್ಯವಸ್ಥೆ. ಸಿಗಡಿ ತಲೆಯೊಳಗಿನ ರಸವೇ ಅದನ್ನು ಕೊಳೆಸಲು ಶುರು ಮಾಡುತ್ತದೆ, ಬೆಳಿಗ್ಗೆ ಸುಲಿದದ್ದು ಐಸ್ ಇಲ್ಲದೆ ಬಿಸಿಲಿಗೆ ಬಿದ್ದರೆ ಸಂಜೆಯೊಳಗೆ ಕಪ್ಪಾಗಿ ಲೋಳೆ ಬಿಡುತ್ತದೆ, ಆಮೇಲೆ ಅದರಿಂದ ಒಳ್ಳೆಯ ಮಾಲು ಸಿಗುವುದಿಲ್ಲ. ಸುಲಿಯುವ ಮೇಜಿನ ಪಕ್ಕದಲ್ಲೇ ಐಸ್ ಪೆಟ್ಟಿಗೆ ಇರಬೇಕು, ಅದೇ ದಿನ ಗಾಡಿ ಬರಬೇಕು. ಸುಲಿಯುವವರು ಬಹುತೇಕ ಹೆಂಗಸರು, ಗಂಟೆಗಟ್ಟಲೆ ತಣ್ಣೀರಿನಲ್ಲಿ ಕೈಯಿಟ್ಟು ಬೆರಳು ಬಿಳಿಚಿಕೊಂಡಿರುತ್ತದೆ. ಸಿಪ್ಪೆ ಬೇರೆ ಮಾಡಿ ಕೊಟ್ಟಿದ್ದಕ್ಕೆ ಕಿಲೋ ಲೆಕ್ಕದಲ್ಲಿ ಅವರ ಕೈಗೇ ದುಡ್ಡು ಸೇರಬೇಕು. ಸುಮ್ನೆ ಇನ್ನೊಂದು ಕೆಲಸ ಅವರ ತಲೆಗೆ ಕಟ್ಟುವುದು ಸರಿಯಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆಮ್ಲ, ಕಾಸ್ಟಿಕ್ ಬಳಸುವ ಈ ಘಟಕವೇ ತೊಳೆದ ನೀರನ್ನು ಹೊಳೆಗೆ ಬಿಟ್ಟರೆ ಸಿಪ್ಪೆ ಸುರಿಯುವುದಕ್ಕಿಂತ ಕೆಟ್ಟದು. ಆ ನೀರನ್ನು ಸಂಸ್ಕರಿಸುವ ಏರ್ಪಾಡು ಮೊದಲ ದಿನದಿಂದಲೇ ಇರಬೇಕು, ಇಲ್ಲದಿದ್ದರೆ ಪರವಾನಗಿಯನ್ನೇ ಕೊಡಬಾರದು. ಮಾಲನ್ನು ಕೂಡ ನೇರ ಕುಡಿಯುವ ನೀರಿಗೆ ಹಾಕುವ ಆತುರ ಬೇಡ. ಇಳಕಲ್, ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರು ಇದೆಯಲ್ಲ, ಅದರ ಮೇಲೆ ಮೊದಲು ಪರೀಕ್ಷೆ ಆಗಲಿ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಬಂದರು ಖಾಲಿ ಇರುತ್ತದೆ. ಮೀನುಗಾರಿಕೆ ಇಲಾಖೆ ಆ ಎರಡು ತಿಂಗಳಲ್ಲಿ ಶೆಡ್ ಮಾಲೀಕರನ್ನೂ ಸುಲಿಯುವ ಹೆಂಗಸರನ್ನೂ ಕೂರಿಸಿಕೊಂಡು ಸಿಪ್ಪೆಗೆ ಒಂದು ದರ ನಿಗದಿ ಮಾಡಲಿ. ಆಗಸ್ಟ್‌ನಲ್ಲಿ ದೋಣಿ ಇಳಿಯುವ ಹೊತ್ತಿಗೆ ಕನಿಷ್ಠ ಮಲ್ಪೆಯಲ್ಲಾದರೂ ಪೆಟ್ಟಿಗೆ, ಗಾಡಿ ಎರಡೂ ತಯಾರಿರಲಿ.

— ಉಡುಪಿ ಜಿಲ್ಲೆಯ ಒಬ್ಬ ಓದುಗ