ಯೋಧನ ರಜೆಯ ದಿನಗಳಿಗೆ ಕಂದಾಯ ಕಚೇರಿಯೂ ಬೆಲೆ ಕೊಡಲಿ

ಮಾನ್ಯ ಸಂಪಾದಕರೇ,

ಸೇನೆಯಲ್ಲಿರುವ ನನ್ನ ಮಗ ಗಡಿ ಪ್ರದೇಶದ ಸೇವೆಗೆ ಹೊರಡುವ ಮುನ್ನ ಇಪ್ಪತ್ತು ದಿನಗಳ ರಜೆಯ ಮೇಲೆ ಊರಿಗೆ ಬಂದಿದ್ದ. ಅದರಲ್ಲಿ ಆರು ದಿನ ಒಂದು ಕಚೇರಿಗೆ ಅಲೆಯುವುದರಲ್ಲೇ ಕಳೆದವು. ಅವನ ಹೆಸರಿನಲ್ಲಿರುವ ಮಾವಿನ ತೋಟದ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ ಶುಲ್ಕ ಕಟ್ಟಿದ್ದೆವು. ಸರ್ವೆಯರ್ ಬರುವ ದಿನಾಂಕ ತಿಳಿದದ್ದು ಅವನು ರೈಲು ಹತ್ತಿದ ಮೂರನೆಯ ದಿನ. ಖಾತೆದಾರರೇ ಬಂದು ಸಹಿ ಹಾಕಬೇಕು ಎಂದರು. ಯಾರೂ ಒರಟಾಗಿ ಮಾತನಾಡಲಿಲ್ಲ, ಕೂರಲು ಕುರ್ಚಿಯನ್ನೂ ಕೊಟ್ಟರು, ಆದರೆ ಕೆಲಸ ಮಾತ್ರ ಆಗಲಿಲ್ಲ.

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಾಂದರ್ಭಿಕ ರಜೆ ಎಂಬ ಲೆಕ್ಕವಿದ್ದರೂ ಅದು ಘಟಕದ ಅಗತ್ಯ ನೋಡಿಕೊಂಡು ಕಂತುಕಂತಾಗಿ ಸಿಗುತ್ತದೆ, ಯಾವಾಗ ಬೇಕಾದರೂ ಮೊಟಕಾಗುತ್ತದೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ರಜೆಯಲ್ಲಿದ್ದ ಯೋಧರು ಅರ್ಧಕ್ಕೇ ವಾಪಸಾದದ್ದು ಎಲ್ಲರಿಗೂ ನೆನಪಿರಬಹುದು. ಇಷ್ಟರೊಳಗೇ ಜಂಟಿ ಬ್ಯಾಂಕ್ ಖಾತೆ, ನಾಮಿನಿ, ಹೆಂಡತಿಗೆ ಪವರ್ ಆಫ್ ಅಟಾರ್ನಿ, ಮಗುವಿನ ಜನನ ಪ್ರಮಾಣಪತ್ರ ಎಲ್ಲವೂ ಮುಗಿಯಬೇಕು. ಜನನ ಪ್ರಮಾಣಪತ್ರ ಘಟಕಕ್ಕೆ ತಲುಪಿ ಪಾರ್ಟ್ ಟೂ ಆರ್ಡರ್ (ಸೈನಿಕನ ವೈಯಕ್ತಿಕ ವಿವರಗಳನ್ನು ದಾಖಲಿಸುವ ಸೇನಾ ಆದೇಶ) ಪ್ರಕಟವಾಗದೆ ಮಗುವಿನ ಹೆಸರು ತಂದೆಯ ಸೇವಾ ದಾಖಲೆಗೆ ಸೇರುವುದಿಲ್ಲ.

ಅವನು ಹೊರಟ ಮೇಲಿನ ಪಾಡು ಬೇರೆಯೇ. ಪಹಣಿಗೆ ಆಧಾರ್ ಜೋಡಿಸಲು ಹೋದ ನನ್ನ ಸೊಸೆಯನ್ನು ಒಟಿಪಿ ಕೇಳಿದರು. ಅದು ಹೋಗುವ ಮೊಬೈಲ್ ನೆಟ್‌ವರ್ಕ್ ಸಿಗದ ಜಾಗದಲ್ಲಿ, ಅವನ ಬಳಿ ಇತ್ತು. ರಾತ್ರಿ ಒಂಬತ್ತಕ್ಕೆ ಅವನೇ ಫೋನ್ ಮಾಡಿ ಆರು ಅಂಕಿಗಳನ್ನು ನಿಧಾನವಾಗಿ ಓದಿ ಹೇಳಿದ. ಅವಳು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. ಆ ಒಟಿಪಿಯ ಅವಧಿ ಮಧ್ಯಾಹ್ನವೇ ಮುಗಿದಿತ್ತು ಎಂದು ಅವನಿಗೆ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ನಾನು ಕೇಳುತ್ತಿರುವುದು ಹೊಸ ರಿಯಾಯಿತಿಯನ್ನಲ್ಲ. ಮೊಕದ್ದಮೆಗಾಗಿ ರಜೆ ಪಡೆದು ಬಂದ ಸೈನಿಕನು ಸೇನಾಧಿಕಾರಿಯ ಪ್ರಮಾಣಪತ್ರ ಹಾಜರುಪಡಿಸಿದರೆ ನ್ಯಾಯಾಲಯವು ಸಾಧ್ಯವಾದಷ್ಟು ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಲು ಕ್ರಮ ಕೈಗೊಳ್ಳಬೇಕೆಂದು 1950ರ ಸೇನಾ ಕಾಯ್ದೆಯ 32ನೆಯ ಸೆಕ್ಷನ್ ಹೇಳುತ್ತದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವವನ ಗೈರುಹಾಜರಿಯಲ್ಲಿ ಅವನ ವಿರುದ್ಧ ದಾವೆ ಮುಂದುವರಿಯದಂತೆ ರಕ್ಷಣೆ ಕೊಡುವ ಕಾಯ್ದೆಯಂತೂ 1925ರಷ್ಟು ಹಳೆಯದು. ನ್ಯಾಯಾಲಯ ಪಾಲಿಸಬೇಕಾದ ಈ ಕ್ರಮವನ್ನು ಸರ್ವೆ, ನೋಂದಣಿ ಮತ್ತು ತಾಲ್ಲೂಕು ಕಚೇರಿಗಳೂ ಅನುಸರಿಸುವಂತೆ ಕೋಲಾರ ಜಿಲ್ಲಾಡಳಿತವು ಒಂದು ಸುತ್ತೋಲೆ ಹೊರಡಿಸಿದರೆ, ರಜೆ ಪತ್ರ ಲಗತ್ತಿಸಿದ ಅರ್ಜಿಗೆ ರಜೆಯೊಳಗಿನ ದಿನಾಂಕವೇ ಸಿಗುತ್ತದೆ. ಯೋಧ ದೂರವಿರುವಾಗ ಕುಟುಂಬದವರು ವಿಚಾರಿಸಲು ಪ್ರತಿ ತಾಲ್ಲೂಕಿನಲ್ಲಿ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿ, ಕಾನೂನು ಒಪ್ಪುವ ಕಡೆಗಳಲ್ಲಿ ಘಟಕದ ಅಧಿಕಾರಿ ದೃಢೀಕರಿಸಿದ ಪತ್ರವನ್ನು ಖುದ್ದು ಹಾಜರಾತಿಯ ಬದಲಿಗೆ ಸ್ವೀಕರಿಸಬೇಕು. ಯೋಧರ ಕುಟುಂಬಗಳಿಗೆ ಕಾನೂನು ನೆರವು ನೀಡಲು 2025ರ ಜುಲೈನಲ್ಲಿ ಆರಂಭವಾದ ವೀರ ಪರಿವಾರ ಸಹಾಯತಾ ಯೋಜನೆಯ ವಕೀಲರು ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಕುಳಿತರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಅದು ಕೈಗೆಟಕುತ್ತದೆ.

ಮಗನ ಮುಂದಿನ ರಜೆ ನವೆಂಬರಿನಲ್ಲಿ ಸಿಗಬಹುದು ಎಂದಿದ್ದಾನೆ. ಹದ್ದುಬಸ್ತಿಗೆ ಮತ್ತೊಮ್ಮೆ ಅರ್ಜಿ ಕೊಟ್ಟಿದ್ದೇವೆ. ದಿನಾಂಕ ಇನ್ನೂ ಬಂದಿಲ್ಲ.

– ಯೋಧನೊಬ್ಬನ ತಂದೆ, ಕೋಲಾರ ಜಿಲ್ಲೆ